ಬಟನ್ ರೋಸ್ ಕುಂಡದ ಸುತ್ತ ಸಣ್ಣ ಹಾರುವ ಹುಳ, ಬೇವಿನೆಣ್ಣೆಗೂ ಬಗ್ಗುತ್ತಿಲ್ಲ

ಕಾರವಾರ_ಬಾಲ್ಕನಿ: ಸಾಕಾಗಿ ಹೋಗಿದೆ. ಬಟನ್ ರೋಸ್ ಕುಂಡಗಳ ಸುತ್ತ ಸಣ್ಣ ಹುಳ ಹಾರಾಡುತ್ತಲೇ ಇರುತ್ತವೆ. ಬೇವಿನೆಣ್ಣೆ ಹೊಡೆದೆ, ಹೋಗಲಿಲ್ಲ. ಮತ್ತೆ ಹೊಡೆದೆ, ಆಗಲೂ ಇಲ್ಲ. ಸಂಜೆ ಲೈಟ್ ಹಾಕಿದರೆ ಒಳಗೆ ಬಂದು ಚಹಾದ ಲೋಟಕ್ಕೇ ಬೀಳುತ್ತವೆ. ಯಾವ ಔಷಧಿ ಹೊಡೆಯಲಿ? ಬೇಗ ಹೇಳಿ.

ಶಿರಸಿ_ಹೂದೋಟ: ಬಿಳಿ ನೊಣವೇ ಅದು. ಎಲೆಯ ಅಡಿಗೆ ಹೊಡೆಯಬೇಕು. ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಬಿಸಿಲು ಇಳಿದ ಮೇಲೆ, ವಾರಕ್ಕೊಮ್ಮೆ.

ಕಾರವಾರ_ಬಾಲ್ಕನಿ: ಅಡಿಗೂ ಹೊಡೆದಾಯ್ತು.

ಶಿರಸಿ_ಹೂದೋಟ: ಹಾಗಾದ್ರೆ ಎಣ್ಣೆ ಬೆರೆತಿಲ್ಲ. ಸುಮ್ನೆ ನೀರಿಗೆ ಸುರಿದರೆ ಮೇಲೆ ತೇಲುತ್ತದೆ. ಅಂಟುವಾಳದ ಕಾಯಿ ನೆನೆಸಿ ಕಿವುಚಿ, ಆ ನೀರಿಗೆ ಎಣ್ಣೆ ಹಾಕಿ ಚೆನ್ನಾಗಿ ಕುಲುಕಿ. ಬಿಳಿ ನೊಣ ನಿಲ್ಲಲ್ಲ.

ಕುಮಟಾ_ಕೈತೋಟ: ಪೇಟೆಯವರಿಗೆ ಅಂಟುವಾಳ ಎಲ್ಲಿ ಸಿಗಬೇಕು ಮಾರಾಯ್ರೇ? ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ ಸಾಕು.

ಶಿರಸಿ_ಹೂದೋಟ: ಲಿಕ್ವಿಡ್ ಜಾಸ್ತಿಯಾದರೆ ಚಿಗುರು ಸುಡುತ್ತದೆ. ಬಟನ್ ರೋಸಿನ ಎಲೆ ತೆಳು.

ಕುಮಟಾ_ಕೈತೋಟ: ನಾಲ್ಕು ಹನಿಗೆ ಯಾವ ಚಿಗುರೂ ಸುಡಲ್ಲ. ನಮ್ಮ ಮನೆಯಲ್ಲಿ ಯಾವಾಗಲೂ ಅದೇ.

ಯಲ್ಲಾಪುರ_ರೋಸ್: ನಾನು ಅಂಗಳಕ್ಕೆ ಪಾರದರ್ಶಕ ಶೀಟ್ ಹೊದಿಸಿ, ಕುಂಡಗಳನ್ನು ಅಡಿಕೆ ದಬ್ಬೆಯ ಅಟ್ಟದ ಮೇಲೆ ಸಾಲಾಗಿ ಇಟ್ಟಿದ್ದೇನೆ. ಎಲ್ಲಕ್ಕೂ ಡ್ರಿಪ್ ಇದೆ. ಆಷಾಢದ ಮಳೆಯಲ್ಲೂ ಕೆಂಪು, ಹಳದಿ ಎರಡೂ ಹೂ ಬಿಡುತ್ತವೆ. ಫೋಟೋ ಬೇಕಾದವರು ಹೇಳಿ.

ಅಂಕೋಲಾ_ಅಕ್ಕ: ತಮ್ಮಾ, ಹುಳ ಕಪ್ಪೋ ಬಿಳಿಯೋ? ಗಿಡ ಅಲುಗಿಸಿದಾಗ ಎಲೆಯಿಂದ ಏಳುತ್ತವೋ, ನೀರು ಹಾಕಿದಾಗ ಮಣ್ಣಿನಿಂದ ಏಳುತ್ತವೋ? ಕುಂಡಕ್ಕೆ ಏನು ತುಂಬಿದ್ದೀಯಾ? ಅಡಿಗೆ ತಟ್ಟೆ ಇದೆಯಾ?

ಕಾರವಾರ_ಬಾಲ್ಕನಿ: ಕಪ್ಪು. ಸೊಳ್ಳೆಗಿಂತ ಸಣ್ಣದು, ಕಾಲು ಉದ್ದ. ನೀರು ಹಾಕಿದ ಕೂಡಲೇ ಮಣ್ಣಿಂದ ಏಳುತ್ತವೆ. ತುಂಬಿದ್ದು ಕೋಕೋಪೀಟ್, ಎರೆಗೊಬ್ಬರ. ತಟ್ಟೆ ಇದೆ, ಕೆಳಗಿನ ಮನೆಗೆ ನೀರು ಇಳಿಯಬಾರದಲ್ಲ. ನೀರು ದಿನಾ ಬೆಳಿಗ್ಗೆ. ಇದಕ್ಕೂ ಹುಳಕ್ಕೂ ಏನು ಸಂಬಂಧ ಅಕ್ಕಾ?

ಅಂಕೋಲಾ_ಅಕ್ಕ: ಇರೋದೇ ಅಲ್ಲಿ. ಇದು ಬಿಳಿ ನೊಣ ಅಲ್ಲ, ಫಂಗಸ್ ನ್ಯಾಟ್ ಅನ್ನುವ ನೊರಜು. ಮರಿ ಇರುವುದು ಒದ್ದೆ ಮಣ್ಣಿನ ಮೇಲಿನ ಎರಡು ಮೂರು ಇಂಚಿನಲ್ಲಿ. ಬೂಸ್ಟು ತಿನ್ನುತ್ತದೆ, ಜೊತೆಗೆ ಎಳೆ ಬೇರನ್ನೂ. ಎಲೆಗೆ ಎಷ್ಟು ಹೊಡೆದರೂ ಅದಕ್ಕೆ ತಾಗುವುದೇ ಇಲ್ಲ. ಆಲೂಗಡ್ಡೆ ಬಿಲ್ಲೆ ಕತ್ತರಿಸಿ ಮಣ್ಣಿಗೆ ಒತ್ತಿ ಇಡು. ಎರಡು ದಿನ ಬಿಟ್ಟು ಮಗುಚಿ ನೋಡು.

ಶಿರಸಿ_ಹೂದೋಟ: ಆದರೂ ಎಲೆ ಅಡಿ ಒಮ್ಮೆ ನೋಡಿಬಿಡಿ. ನಮ್ಮ ಕಡೆ ಬಿಳಿ ನೊಣವೇ ಜಾಸ್ತಿ.

ಕುಮಟಾ_ಕೈತೋಟ: ಮೇಲೆ ಮರಳು ಹರಡಿದರೆ ಮುಗೀತು. ಕಾರವಾರದಲ್ಲಿ ಮರಳಿಗೆ ಬರವೇ?

ಅಂಕೋಲಾ_ಅಕ್ಕ: ಬೀಚಿನ ಮರಳು ಹಾಕಲೇಬೇಡಿ, ಉಪ್ಪಿಗೆ ಗುಲಾಬಿ ತಡೆಯಲ್ಲ. ಹೊಳೆ ಮರಳಾದರೂ ಕೆಳಗೆ ಒದ್ದೆ ಇದ್ದರೆ ಪ್ರಯೋಜನ ಕಡಿಮೆ.

ಕಾರವಾರ_ಬಾಲ್ಕನಿ: ಅಕ್ಕಾ, ಬಿಲ್ಲೆ ಮಗುಚಿದೆ. ಅಡಿಯಲ್ಲಿ ದಾರದ ತುಂಡಿನಂಥ ಬಿಳಿ ಹುಳ, ಮೈ ಪಾರದರ್ಶಕ, ತಲೆ ಮಾತ್ರ ಮಿರಮಿರ ಕಪ್ಪು. ಒಂದೊಂದು ಬಿಲ್ಲೆಗೂ ಅಂಟಿಕೊಂಡಿವೆ. ಈಗ ಏನು ಮಾಡಲಿ?

ಅಂಕೋಲಾ_ಅಕ್ಕ: ಆ ಬಿಲ್ಲೆಗಳನ್ನು ಹುಳದ ಸಮೇತ ಹೊರಗೆ ಎಸೆದು ಹೊಸತು ಇಡು. ತಟ್ಟೆಯ ನೀರು ಚೆಲ್ಲು. ಬೆರಳು ಇಳಿಸಿ ನೋಡಿ, ಮೇಲಿನ ಒಂದು ಇಂಚು ಒಣಗಿದ ಮೇಲೆಯೇ ನೀರು. ಹಳದಿ ಅಂಟು ಕಾರ್ಡನ್ನು ಮಣ್ಣಿನ ಹತ್ತಿರವೇ ಇಡು, ಎತ್ತರಕ್ಕೆ ತೂಗುಹಾಕಬೇಡ. ಮೊಟ್ಟೆಯಿಂದ ಹಾರುವ ಹುಳ ಆಗಲು 3-4 ವಾರ ಬೇಕು, ಅದಕ್ಕೇ ಒಂದು ತಿಂಗಳಾದರೂ ಬಿಡದೆ ಮಾಡಬೇಕು. ಔಷಧಿಯೇ ಬೇಕೆಂದರೆ ಸೊಳ್ಳೆ ಮರಿಗೆ ಬಳಸುವ ಬಿಟಿಐ ಅನ್ನುವ ಬ್ಯಾಕ್ಟೀರಿಯಾ ಔಷಧಿ ಕೇಳಿ ತಂದು ನೀರಿನ ಜೊತೆ ಮಣ್ಣಿಗೆ ಹಾಕು. ಕಂಬಳಿಹುಳಕ್ಕೆ ಕೊಡುವ ಬಿಟಿ ಬೇರೆ, ಅದು ಇದಕ್ಕೆ ನಾಟುವುದಿಲ್ಲ.

ಯಲ್ಲಾಪುರ_ರೋಸ್: ಡ್ರಿಪ್ ಹಾಕಿಸಿದರೆ ಈ ತೊಂದರೆಯೇ ಇಲ್ಲ.

ಅಂಕೋಲಾ_ಅಕ್ಕ: ಡ್ರಿಪ್ಪಾದರೂ ದಿನಾ ಒದ್ದೆ ಇದ್ದರೆ ನೊರಜು ಬಂದೇ ಬರುತ್ತದೆ.

ಕಾರವಾರ_ಬಾಲ್ಕನಿ: ತಟ್ಟೆ ಖಾಲಿ ಮಾಡಿದೆ, ಕಾರ್ಡೂ ಇಟ್ಟೆ. ಹಾರುವುದು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಇನ್ನೊಂದು ಮಾತು. ಮೊಗ್ಗು ಅರಳುವ ಮೊದಲೇ ಪಕಳೆಯ ಅಂಚು ಕಂದಾಗುತ್ತಿದೆ. ಇದೂ ನೊರಜಿನದೇ?

ಶಿರಸಿ_ಹೂದೋಟ: ಇದು ಬಿಳಿ ನೊಣದ್ದಲ್ಲ, ಥ್ರಿಪ್ಸ್ ಅನ್ನುವ ರಸ ಹೀರುವ ಸಣ್ಣ ಹುಳ ಇರಬಹುದು.

ಅಂಕೋಲಾ_ಅಕ್ಕ: ನೊರಜಿನದಲ್ಲ. ಬಿಳಿ ಕಾಗದದ ಮೇಲೆ ಮೊಗ್ಗನ್ನು ತಟ್ಟಿ ನೋಡು. ಸಣ್ಣ ಗೀಟಿನಂಥ ಹಳದಿ, ಕಂದು ಹುಳ ಹರಿದಾಡಿದರೆ ಥ್ರಿಪ್ಸೇ. ಹಾಗಿದ್ದರೆ ಕಂದಿದ ಮೊಗ್ಗನ್ನೆಲ್ಲ ಇವತ್ತೇ ಕತ್ತರಿಸು, ಗೊಬ್ಬರದ ಬಕೆಟಿಗೆ ಹಾಕಬೇಡ. ನೀಲಿ ಕಾರ್ಡೂ ಒಂದು ತಾ. ಕಾಗದದ ಫೋಟೋ ಹಾಕು.