14 ದಿನಗಳ ನಿಯಮವಿದ್ದರೂ ಕಬ್ಬಿನ ಬಾಕಿ ಏಕೆ ಉಳಿಯುತ್ತದೆ?

ಪ್ರಶ್ನೆ – ಹಾರೂಗೇರಿಯ ಬೆಳೆಗಾರ

ಎಲ್ಲರಿಗೂ ನಮಸ್ಕಾರ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಪೂರೈಸಿದ 14 ದಿನಗಳೊಳಗೆ ಕಾರ್ಖಾನೆ ರೈತನಿಗೆ ಹಣ ಪಾವತಿಸಬೇಕು. ತಪ್ಪಿದರೆ ವಾರ್ಷಿಕ ಶೇ 15ರ ಬಡ್ಡಿ ಸೇರಿಸಿ ಕೊಡಬೇಕು. ಹೀಗಿದ್ದರೂ ಜನವರಿಯಲ್ಲಿ ಕಟಾವಾದ ಕಬ್ಬಿನ ಬಿಲ್ಲಿಗಾಗಿ ಯುಗಾದಿ ಕಳೆದ ಮೇಲೂ ಕಾರ್ಖಾನೆಗೆ ಅಲೆಯುವುದು ನಮ್ಮ ಭಾಗದಲ್ಲಿ ಯಾರಿಗೂ ಹೊಸದಲ್ಲ. ಬಡ್ಡಿ ಜಮೆಯಾದ ಪಾಸ್‌ಬುಕ್ಕನ್ನಂತೂ ನಾನು ಕಂಡಿಲ್ಲ. 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಹಗಲಿರುಳು ಕುಳಿತ ಮೇಲೆ ಟನ್ನಿಗೆ 3,300 ರೂಪಾಯಿ ಎಂದು ತೀರ್ಮಾನವಾಯಿತು. ದರಕ್ಕಾಗಿ ರಸ್ತೆಗಿಳಿದದ್ದಾಯಿತು, ನಿಗದಿತ ದಿನಕ್ಕೆ ಹಣ ಪಡೆಯುವುದಕ್ಕೂ ರಸ್ತೆಗಿಳಿಯಬೇಕೇ? ದೋಷ ಕಾನೂನಿನಲ್ಲಿದೆಯೋ, ಅಧಿಕಾರಿಗಳಲ್ಲಿದೆಯೋ, ಅಥವಾ ನಮ್ಮಂಥ ದೇಶಗಳ ಸರ್ಕಾರಗಳಿಗೆ ನಿಯಮ ಬರೆಯುವಷ್ಟು ಸುಲಭವಾಗಿ ಅದನ್ನು ಜಾರಿಗೆ ತರುವ ಶಕ್ತಿ ಇಲ್ಲವೋ? ತಿಳಿದವರು ಬರೆಯಬೇಕೆಂದು ಕೋರುತ್ತೇನೆ.

ಉತ್ತರ 1 – ಮುಧೋಳ, ನಿವೃತ್ತ ಬ್ಯಾಂಕ್ ನೌಕರ

ಕಾನೂನು ಸಾಕಷ್ಟು ಬಿಗಿಯಾಗಿಯೇ ಇದೆ. ಬಾಕಿಯನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಲು ಅದೇ ಆದೇಶದಲ್ಲಿ ಅವಕಾಶವಿದೆ, ಅಂದರೆ ಜಿಲ್ಲಾಧಿಕಾರಿ ಕಾರ್ಖಾನೆಯ ಸಕ್ಕರೆಯನ್ನೇ ಜಪ್ತಿ ಮಾಡಿ ಹರಾಜು ಹಾಕಬಹುದು. ತೊಡಕು ಇರುವುದು ಗೋದಾಮಿನ ಬಾಗಿಲಲ್ಲಿ.

ಕಬ್ಬು ನುರಿಸುವುದು ನಾಲ್ಕೈದು ತಿಂಗಳು; ಸಕ್ಕರೆ ಮಾರಾಟವಾಗುವುದು ವರ್ಷವಿಡೀ. 2018ರ ಜೂನ್‌ನಿಂದ ಪ್ರತಿ ಕಾರ್ಖಾನೆ ತಿಂಗಳಿಗೆ ಎಷ್ಟು ಸಕ್ಕರೆ ಮಾರಬಹುದೆಂಬುದನ್ನೂ ಕೇಂದ್ರ ಸರ್ಕಾರವೇ ನಿಗದಿ ಮಾಡುತ್ತದೆ. 14 ದಿನಗಳಲ್ಲಿ ಕೊಡಬೇಕಾದ ಹಣ ಹನ್ನೆರಡು ತಿಂಗಳಲ್ಲಿ ಬರುವುದರಿಂದ, ನಡುವಿನ ಅಂತರ ತುಂಬಲು ಕಾರ್ಖಾನೆ ಸಕ್ಕರೆಯ ಚೀಲಗಳನ್ನು ಬ್ಯಾಂಕಿಗೆ ಅಡವಿಡುತ್ತದೆ. ಅಡವಾದ ಗೋದಾಮಿಗೆ ಬ್ಯಾಂಕು ತನ್ನ ಬೀಗ ಹಾಕುತ್ತದೆ, ಬಾಗಿಲ ಮೇಲೆ ತನ್ನ ಫಲಕ ತೂಗುಹಾಕುತ್ತದೆ, ಸಾಲದ ಪಾಲು ತುಂಬಿದಷ್ಟೇ ಚೀಲಗಳನ್ನು ಹೊರಗೆ ಬಿಡುತ್ತದೆ. ಆ ಸಾಲದ ಹಣ ನೇರವಾಗಿ ರೈತರಿಗೆ ಹೋಗುವುದಾದರೆ ತಕರಾರಿಲ್ಲ. ಅದರಲ್ಲಿ ಹಿಂದಿನ ಹಂಗಾಮಿನ ಕಂತು, ಹೊಸ ಡಿಸ್ಟಿಲರಿಯ ಸಾಲ ಇವೇ ಮೊದಲು ಕಡಿತವಾದರೆ ಬಿಲ್ಲಿಗೆ ಉಳಿಯುವುದು ಅಲ್ಪ. ವಸೂಲಾತಿ ಪ್ರಮಾಣಪತ್ರ ಹಿಡಿದು ತಹಶೀಲ್ದಾರರು ಬರುವ ಹೊತ್ತಿಗೆ ಸಕ್ಕರೆ ಕಣ್ಣೆದುರೇ ಇರುತ್ತದೆ, ಕೈಗೆ ಸಿಗುವುದಿಲ್ಲ.

ಉತ್ತರ ಪ್ರದೇಶದಲ್ಲಿ ಸಕ್ಕರೆ ಮಾರಾಟದ ಹಣದ ಶೇ 85ರಷ್ಟನ್ನು ಕಬ್ಬಿನ ಪಾವತಿಗೆಂದೇ ಪ್ರತ್ಯೇಕ ಖಾತೆಯಲ್ಲಿರಿಸುವ ಪದ್ಧತಿ ಇದೆ. ಅಲ್ಲಿಯೂ ಬಾಕಿ ಉಳಿಯುತ್ತದೆ, ಆದರೆ ಹಣ ಯಾವ ದಾರಿ ಹಿಡಿಯಿತೆಂದು ಹೇಳುವ ಖಾತೆಯೊಂದು ಅಧಿಕಾರಿಯ ಮುಂದಿರುತ್ತದೆ. ನನ್ನ ಅಭಿಪ್ರಾಯದಲ್ಲಿ ನಾವು ಮೊದಲು ಕೇಳಬೇಕಾದದ್ದು ಇಂಥ ಖಾತೆಯನ್ನು; ದರದ ಮಾತು ಆಮೇಲೆ.

ಉತ್ತರ 2 – ವಿಜಯಪುರ, ಸಾರ್ವಜನಿಕ ಆಡಳಿತದ ಉಪನ್ಯಾಸಕಿ

ಮುಧೋಳದ ಹಿರಿಯರ ಮಾತನ್ನು ಒಪ್ಪುತ್ತೇನೆ. ಆದರೆ ದರದ ಮಾತು ಆಮೇಲೆ ಎಂಬುದನ್ನು ಒಪ್ಪಲಾರೆ. ಎಷ್ಟು ಕೊಡಬೇಕೆಂಬುದೇ ಖಚಿತವಾಗದಿದ್ದರೆ ಬಾಕಿಯೆಷ್ಟೆಂದು ಹೇಳುವುದಾದರೂ ಹೇಗೆ?

2025–26ರ ಎಫ್‌ಆರ್‌ಪಿ, ಅಂದರೆ ಕಬ್ಬಿಗೆ ಕೇಂದ್ರ ನಿಗದಿ ಮಾಡುವ ಕನಿಷ್ಠ ದರ, ಶೇ 10.25ರ ಇಳುವರಿಗೆ (ಕಬ್ಬಿನ ತೂಕದಲ್ಲಿ ಸಿಗುವ ಸಕ್ಕರೆಯ ಪ್ರಮಾಣ) ಕ್ವಿಂಟಲಿಗೆ 355 ರೂಪಾಯಿ. ಅದರ ಮೇಲಿನ ಪ್ರತಿ ಶೇ 0.1ಕ್ಕೆ 3.46 ರೂಪಾಯಿ ಹೆಚ್ಚು. ಇಳುವರಿ ಶೇ 11.25 ಇದ್ದರೆ ಟನ್ನಿಗೆ 3,896 ರೂಪಾಯಿಯಾಗುತ್ತದೆ, ಅದರಲ್ಲಿ ಕಟಾವು ಮತ್ತು ಸಾಗಣೆ ವೆಚ್ಚವನ್ನು ಕಾರ್ಖಾನೆ ಮುರಿದುಕೊಳ್ಳುತ್ತದೆ. ಈ ಲೆಕ್ಕದಲ್ಲಿ ತೂಕ ಕಾರ್ಖಾನೆಯ ಕಾಟಾದ ಮೇಲೆ, ಇಳುವರಿ ಕಾರ್ಖಾನೆಯ ಪ್ರಯೋಗಾಲಯದಲ್ಲಿ, ಸಾಗಣೆ ವೆಚ್ಚ ಕಾರ್ಖಾನೆಯ ಪುಸ್ತಕದಲ್ಲಿ. ಕಬ್ಬಿನ ರಸ ಅಥವಾ ಬಿ-ಹೆವಿ ಕಾಕಂಬಿಯನ್ನು (ಇನ್ನೂ ಸಕ್ಕರೆ ತೆಗೆಯಬಹುದಾದ ಕಾಕಂಬಿ) ಎಥೆನಾಲಿಗೆ ತಿರುಗಿಸಿದಾಗ ಸಕ್ಕರೆಯ ಪ್ರಮಾಣ ಇಳಿಯುತ್ತದೆ. ಹಾಗೆ ಹೋದ ಸಕ್ಕರೆಯನ್ನು ಮರಳಿ ಇಳುವರಿಗೆ ಕೂಡಿಸಬೇಕು. ಕೂಡಿಸಿದರೋ ಇಲ್ಲವೋ ಎಂಬುದನ್ನು ಹೊಲದಲ್ಲಿ ನಿಂತವನು ಪರೀಕ್ಷಿಸಲಾರ. ತಾನು ನಿಯಂತ್ರಿಸಬೇಕಾದವರ ಅಂಕಿಗಳನ್ನೇ ಸರ್ಕಾರ ನೆಚ್ಚಿಕೊಳ್ಳುವುದು ಅಭಿವೃದ್ಧಿಶೀಲ ದೇಶಗಳ ಆಡಳಿತದಲ್ಲಿ ಗಣಿಗಾರಿಕೆಯಿಂದ ಔಷಧದವರೆಗೆ ಕಾಣುವ ಸಂಗತಿ. ಕಾರ್ಖಾನೆಗಳ ಒಡೆತನ ಆಡಳಿತ ಪಕ್ಷದಲ್ಲೂ ವಿರೋಧ ಪಕ್ಷದಲ್ಲೂ ಹಂಚಿಕೊಂಡಿರುವ ಜಿಲ್ಲೆಗಳಲ್ಲಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ.

ಥಾಯ್ಲೆಂಡಿನ 1984ರ ಕಾನೂನು ಆದಾಯವನ್ನು ಬೆಳೆಗಾರರಿಗೆ 70, ಕಾರ್ಖಾನೆಗೆ 30 ಎಂದು ಹಂಚಿತು. ಬೆಲೆ ನಿರ್ಧರಿಸುವ ಮಂಡಳಿಯಲ್ಲಿ ಬೆಳೆಗಾರರ ಪ್ರತಿನಿಧಿಗಳಿಗೂ ಸ್ಥಾನ ಕೊಟ್ಟಿತು. ನಮ್ಮ ರಾಜ್ಯದ 2013ರ ಕಾಯ್ದೆಯಲ್ಲಿಯೂ ಕಬ್ಬು ನಿಯಂತ್ರಣ ಮಂಡಳಿ ಇದೆ, ಆದಾಯ ಹಂಚಿಕೆಯೂ ಇದೆ. ಅಂಕಿಗಳನ್ನು ಸ್ವತಂತ್ರವಾಗಿ ತೆಗೆಯುವ ವ್ಯವಸ್ಥೆಯಿಲ್ಲದೆ ಅಂಥ ಮಂಡಳಿ ಕಾರ್ಖಾನೆ ಕೊಟ್ಟ ಹಾಳೆಯ ಮೇಲೆಯೇ ಚರ್ಚಿಸಬೇಕಾಗುತ್ತದೆ.

ಉತ್ತರ 3 – ಗೋಕಾಕ

ಕಾರ್ಖಾನೆಯ ಕಡೆಯದೂ ಒಂದು ಮಾತಿದೆ. ಸಕ್ಕರೆಯ ಕನಿಷ್ಠ ಮಾರಾಟ ಬೆಲೆ 2019ರ ಫೆಬ್ರುವರಿಯಲ್ಲಿ ಕೆ.ಜಿ.ಗೆ 31 ರೂಪಾಯಿಯಾದದ್ದು 2025ರ ಹಂಗಾಮು ಶುರುವಾದಾಗಲೂ ಅಲ್ಲೇ ಇತ್ತು. ಅದೇ ಅವಧಿಯಲ್ಲಿ ಎಫ್‌ಆರ್‌ಪಿ ಕ್ವಿಂಟಲಿಗೆ 275ರಿಂದ 355ಕ್ಕೆ ಏರಿತು. ಎರಡನ್ನೂ ನಿಗದಿ ಮಾಡುವುದು ಕೇಂದ್ರ. ಬಾಕಿ ವಸೂಲು ಮಾಡಬೇಕಾದದ್ದು ರಾಜ್ಯ. ಬೈಗುಳ ತಿನ್ನುವುದು ಮಾತ್ರ ಜಿಲ್ಲಾಧಿಕಾರಿ.

ಹಾರೂಗೇರಿಯ ಬೆಳೆಗಾರ

ಎಲ್ಲರಿಗೂ ಧನ್ಯವಾದ. ಒಂದು ಲೆಕ್ಕ ಇಡುತ್ತೇನೆ. ಎಕರೆಗೆ 40 ಟನ್, ಕೈಗೆ ಬರುವ ದರ ಟನ್ನಿಗೆ 3,000 ಎಂದುಕೊಂಡರೆ 1,20,000 ರೂಪಾಯಿ. ಎರಡು ತಿಂಗಳು ತಡವಾದರೆ ಶೇ 15ರ ಬಡ್ಡಿ 3,000. ಅಷ್ಟಕ್ಕೆ ವಕೀಲರನ್ನು ಹಿಡಿಯುವವರಿಲ್ಲ. ಅತ್ತ ಪಿಕೆಪಿಎಸ್‌ನ (ಊರಿನ ಕೃಷಿ ಪತ್ತಿನ ಸಹಕಾರ ಸಂಘ) ಶೂನ್ಯ ಬಡ್ಡಿಯ ಬೆಳೆ ಸಾಲವನ್ನು ಗಡುವಿನೊಳಗೆ ಕಟ್ಟದಿದ್ದರೆ ರಿಯಾಯಿತಿ ಹೋಗುತ್ತದೆ. ನಮ್ಮ ಗಡುವು ಮೀರಿದರೆ ಯಾರೂ ಅರ್ಜಿ ಕೊಡದೆಯೇ ಬಡ್ಡಿ ಏರುತ್ತದಲ್ಲ, ಕಾರ್ಖಾನೆಗೇಕೆ ಹಾಗಿಲ್ಲ?

ಮುಧೋಳ, ನಿವೃತ್ತ ಬ್ಯಾಂಕ್ ನೌಕರ

ಸಾಲದ ಬಡ್ಡಿಯನ್ನು ನಮ್ಮ ಯಂತ್ರವೇ ಲೆಕ್ಕ ಹಾಕುತ್ತದೆ. ಕಬ್ಬಿನ ಬಡ್ಡಿಯನ್ನು ಯಾರಾದರೂ ಕೇಳಬೇಕು. ಒಬ್ಬರೇ ಕೇಳಬೇಡಿ. ಊರಿನವರೆಲ್ಲ ತೂಕದ ಚೀಟಿಯ ನಕಲು, ದಿನಾಂಕ ಮತ್ತು ಪಾಸ್‌ಬುಕ್ಕಿನ ಪುಟ ಸೇರಿಸಿ, ಬಡ್ಡಿಯ ಮೊತ್ತವನ್ನು ಸಾಲುಸಾಲಾಗಿ ನಮೂದಿಸಿ ಸಕ್ಕರೆ ಆಯುಕ್ತರಿಗೂ ಜಿಲ್ಲಾಧಿಕಾರಿಗೂ ಒಂದೇ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ನಿಮ್ಮ ಕಾರ್ಖಾನೆ ಸಲ್ಲಿಸಿದ ಪಾವತಿ ವಿವರದ ಪ್ರತಿಯನ್ನು ಮಾಹಿತಿ ಹಕ್ಕಿನಡಿ ಬೇರೆಯಾಗಿ ಕೇಳಿ, ಅದರಲ್ಲಿ ನಮೂದಾದ ದಿನಾಂಕಗಳನ್ನು ನಿಮ್ಮ ಪಾಸ್‌ಬುಕ್ಕಿನೊಂದಿಗೆ ತಾಳೆ ನೋಡಿ.