ಬಾಯಿಯ ಲೈಕನ್ ಪ್ಲೇನಸ್: ಜೊಲ್ಲಿನ ಕಾರ್ಟಿಸೋಲ್ ರಿಪೋರ್ಟನ್ನು ಎಷ್ಟು ನಂಬಬಹುದು?

ಬೇಲೂರು ದಂತವೈದ್ಯೆ (ಪ್ರಶ್ನೆ)

ಬಯಾಪ್ಸಿಯಲ್ಲಿ ಖಚಿತವಾದ ಓರಲ್ ಲೈಕನ್ ಪ್ಲೇನಸ್ (ಬಾಯಿಯ ಒಳಪದರದಲ್ಲಿ ಬಹುಕಾಲ ಕಾಡುವ ಉರಿಯೂತ). ಹೆಂಗಸು, 48 ವರ್ಷ. ಎರಡೂ ಕೆನ್ನೆಯ ಒಳಗೆ ಬಿಳಿ ಬಲೆ, ಎಡಗಡೆ ಕೊನೇ ದವಡೆಹಲ್ಲಿನ ಎದುರಿಗೆ ಸಿಪ್ಪೆ ಸುಲಿದ ಹಾಗೆ ಕೆಂಪು, ವಸಡೂ ಅಲ್ಲಲ್ಲಿ ಕೆಂಪು. ಖಾರ ತಾಗಿದರೆ ಉರಿ. ಮೂರು ತಿಂಗಳಿಂದ ಬೀಟಾಮೆಥಾಸೋನ್ ಎಂಬ ಸ್ಟೀರಾಯ್ಡಿನ 0.5 ಮಿ.ಗ್ರಾಂ ಮಾತ್ರೆ ನೀರಲ್ಲಿ ಕರಗಿಸಿ ದಿನಕ್ಕೆ ನಾಲ್ಕು ಸಲ ಮುಕ್ಕಳಿಸುತ್ತಿದ್ದಾರೆ. ಉರಿ ಅರ್ಧಕ್ಕರ್ಧ ಇಳಿದಿದೆ.

"ಇದು ಟೆನ್ಶನ್ ಕಾಯಿಲೆ, ಹಾರ್ಮೋನ್ ನೋಡಿಸಿ" ಅಂತ ಯಾರೋ ಹೇಳಿದ್ದಕ್ಕೆ ಮನೆಯವರು ಹಾಸನಕ್ಕೆ ಕರೆದುಕೊಂಡು ಹೋಗಿ ಜೊಲ್ಲಿನ ಕಾರ್ಟಿಸೋಲ್ (ಒತ್ತಡದ ಹಾರ್ಮೋನ್) ಟೆಸ್ಟ್ ಮಾಡಿಸಿದ್ದಾರೆ. ರಿಪೋರ್ಟಿನಲ್ಲಿ ಡೆಸಿಲೀಟರಿಗೆ 0.09 ಮೈಕ್ರೋಗ್ರಾಂ, ಪಕ್ಕದಲ್ಲಿ 'ನಾರ್ಮಲ್ 5–25', ಮುಂದೆ ದಪ್ಪಕ್ಷರದಲ್ಲಿ 'ಲೋ'. ಸ್ಯಾಂಪಲ್ ತೆಗೆದ ಹೊತ್ತು ಎಲ್ಲೂ ಬರೆದಿಲ್ಲ. ಲೈಕನ್ ಪ್ಲೇನಸ್‌ನಲ್ಲಿ ಕಾರ್ಟಿಸೋಲ್ ಏರಿರುತ್ತದೆ ಎಂದು ಓದಿದ್ದು, ಇಲ್ಲಿ ನೋಡಿದರೆ ಉಲ್ಟಾ. ಈ ಅಂಕಿಗೆ ಬೆಲೆ ಕೊಡಬೇಕೆ? ಮುಕ್ಕಳಿಸುವ ಔಷಧಿಯಿಂದಲೇ ಕಾರ್ಟಿಸೋಲ್ ತಯಾರಿಸುವ ಅಡ್ರಿನಲ್ ಗ್ರಂಥಿ ಮಂಕಾಗಿರಬಹುದೆ? ಇಂಥವರಿಗೆ ನಿಜವಾಗಿ ನೋಡಿಸಬೇಕಾದ ಹಾರ್ಮೋನ್ ಯಾವುದು?

ಓರಲ್ ಮೆಡಿಸಿನ್, ಹಾಸನ

ಮೇಡಂ, ಮೊದಲು ಆ 'ಲೋ' ಮೇಲೆ ಗೆರೆ ಎಳೆಯಿರಿ. 5–25 ಎನ್ನುವುದು ರಕ್ತದ ಬೆಳಗಿನ ಲೆಕ್ಕ. ರಕ್ತದಲ್ಲಿ ಕಾರ್ಟಿಸೋಲ್ ಬಹುಪಾಲು ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಬಿಡಿಯಾಗಿರುವ ಅಲ್ಪ ಭಾಗ ಮಾತ್ರ ಜೊಲ್ಲಿಗೆ ಇಳಿಯುತ್ತದೆ. ಅದರಲ್ಲೂ ಒಂದಷ್ಟನ್ನು ಜೊಲ್ಲುಗ್ರಂಥಿಯೇ ಕಾರ್ಟಿಸೋನ್ (ಅದರ ಕೆಲಸ ಮಾಡದ ರೂಪ) ಮಾಡಿಬಿಡುತ್ತದೆ. ರಕ್ತದಲ್ಲಿ 12 ಇರುವವರ ಜೊಲ್ಲಿನಲ್ಲಿ 0.4 ಬಂದರೆ ಆಶ್ಚರ್ಯವಿಲ್ಲ. ರಕ್ತದ ಅಳತೆಪಟ್ಟಿ ಹಿಡಿದು ಜೊಲ್ಲನ್ನು ಅಳೆದರೆ ಊರಿಗೆಲ್ಲ 'ಲೋ' ಬರುತ್ತದೆ.

ಏರಿರುತ್ತದೆ ಎನ್ನುವ ಲೇಖನಗಳಿವೆ, ವ್ಯತ್ಯಾಸವೇ ಸಿಗಲಿಲ್ಲ ಎನ್ನುವವೂ ಇವೆ. ಏರಿದ್ದರೂ ಅದು ಕಾಯಿಲೆಗೆ ಕಾರಣವೋ, ತಿಂಗಳುಗಟ್ಟಲೆ ಬಾಯಿ ಉರಿಸಿಕೊಂಡವರ ಸಂಕಟವೋ ಹೇಳುವುದು ಕಷ್ಟ. ಟಿ ಲಿಂಫೋಸೈಟುಗಳು ಲೋಳೆಪದರದ ಬುಡದ ಕೋಶಗಳ ಮೇಲೆ ಬೀಳುವ ಕಾಯಿಲೆ ಇದು. ಚಿಂತೆ ಹೆಚ್ಚಾದಾಗ ಉಲ್ಬಣಿಸುವುದುಂಟು, ನಿಜ. ಆದರೆ ಕಾರ್ಟಿಸೋಲ್ ನೋಡಿ ಯಾರ ಚಿಕಿತ್ಸೆಯೂ ಬದಲಾಗುವುದಿಲ್ಲ. ರೋಗ ಪತ್ತೆಗೆ ಬಯಾಪ್ಸಿ, ಚಿಕಿತ್ಸೆಗೆ ಬಾಯೊಳಗಿನ ನೋಟ, ಅಷ್ಟೆ.

ಲ್ಯಾಬ್ ಬೆಂಚು

ರೇಂಜ್ ತಪ್ಪು ಎನ್ನುವುದು ಸರಿ. ಹಾಗಂತ ಅಂಕಿಯೇ ಸುಳ್ಳು ಅನ್ನಬೇಡಿ. 0.09 ಅನ್ನು 27.6ರಿಂದ ಗುಣಿಸಿದರೆ ಲೀಟರಿಗೆ ಸುಮಾರು 2.5 ನ್ಯಾನೋಮೋಲ್. ಸಂಜೆಯ ಜೊಲ್ಲಾಗಿದ್ದರೆ ಮಾಮೂಲಿ. ಬೆಳಿಗ್ಗೆ ಎದ್ದ ಅರ್ಧ ಗಂಟೆಯ ಜೊಲ್ಲಾಗಿದ್ದರೆ ತೀರಾ ಕಮ್ಮಿ, ಏಕೆಂದರೆ ಎದ್ದ 30–45 ನಿಮಿಷದೊಳಗೆ ಕಾರ್ಟಿಸೋಲ್ ದಿನದ ತುತ್ತತುದಿಗೆ ಏರಿ, ಆಮೇಲೆ ಇಳಿಯುತ್ತಾ ನಡುರಾತ್ರಿಗೆ ತಳ ಮುಟ್ಟುತ್ತದೆ. ಹೊತ್ತು ಬರೆಯದ ಕಾರ್ಟಿಸೋಲ್ ರಿಪೋರ್ಟ್, ಊರಿನ ಹೆಸರಿಲ್ಲದ ಬಸ್ ಬೋರ್ಡಿನ ಹಾಗೆ.

ಇನ್ನು ಲೈಕನ್ ಪ್ಲೇನಸ್ ಇರುವ ಬಾಯಲ್ಲಿ ಸ್ಯಾಂಪಲ್ ಕೆಡುವ ದಾರಿಗಳು ಬೇರೆಯವರಿಗಿಂತ ಜಾಸ್ತಿ. ಮುಖ್ಯವಾದದ್ದು ರಕ್ತ. ವಸಡು ಕೆಂಪಗಿದೆ ಅಂದಿರಿ. ಬ್ರಷ್ ತಾಗಿದರೆ ಒಸರುತ್ತದೆ. ರಕ್ತದಲ್ಲಿ ಕಾರ್ಟಿಸೋಲ್ ಎಷ್ಟೋ ಪಟ್ಟು ಹೆಚ್ಚಿರುವುದರಿಂದ ಕಣ್ಣಿಗೆ ಕಾಣುವಷ್ಟು ಬೆರೆತರೆ ಜೊಲ್ಲಿನ ಅಂಕಿ ಸುಳ್ಳಾಗಿ ಮೇಲೇರುತ್ತದೆ. ಟ್ಯೂಬಿನ ಹಿಂದೆ ಬಿಳಿ ಕಾಗದ ಹಿಡಿದು ನೋಡಿ. ನೊರೆಯ ಕೆಳಗೆ ಎಳೆಯಂತೆ ತಿಳಿಗುಲಾಬಿ ಕಂಡರೆ ಚೆಲ್ಲಿಬಿಡಿ. "ಸ್ವಲ್ಪ ತಾನೆ" ಅಂತ ಯಂತ್ರಕ್ಕೆ ಹಾಕಬೇಡಿ.

ತೆಗೆಯುವ ಕ್ರಮ: ಹಲ್ಲುಜ್ಜುವ ಮೊದಲು, ಕಾಫಿ ಕುಡಿಯುವ ಮೊದಲು. ಬರೀ ನೀರಲ್ಲಿ ಬಾಯಿ ತೊಳೆದು ಹತ್ತು ನಿಮಿಷ ಬಿಡಬೇಕು, ಇಲ್ಲದಿದ್ದರೆ ನೀರು ಬೆರೆತು ತೆಳುವಾಗುತ್ತದೆ. ತಲೆ ಬಗ್ಗಿಸಿ ತಾನಾಗಿ ಸೇರಿದ ಜೊಲ್ಲನ್ನು ಸ್ಟ್ರಾ ಮೂಲಕ ಟ್ಯೂಬಿಗೆ ಇಳಿಸಿದರೆ ಒಂದರಿಂದ ಎರಡು ಎಂ.ಎಲ್. ಸಾಕು. ಹತ್ತಿಯ ಸುರುಳಿ ಇಡುವುದಾದರೆ ನಾಲಿಗೆಯ ಕೆಳಗೆ ಎರಡು ನಿಮಿಷ. ಕೆನ್ನೆಯ ಹುಣ್ಣಿಗೆ ಒತ್ತಿಕೊಂಡು ಅಲ್ಲ. ಬಾಯಿ ಒಣಗಿದವರಿಗೆ ಜೊಲ್ಲು ಬರಲೆಂದು ನಿಂಬೆಹಣ್ಣು ಚೀಪಿಸುವವರಿದ್ದಾರೆ. ಹುಳಿಯಿಂದ ಜೊಲ್ಲಿನ ಪಿ.ಎಚ್. ಇಳಿದು ಇಮ್ಯುನೋಅಸ್ಸೇ (ಪ್ರತಿಕಾಯ ಬಳಸಿ ಹಾರ್ಮೋನ್ ಅಳೆಯುವ ಕಿಟ್) ದಾರಿ ತಪ್ಪುತ್ತದೆ. ಆ ಉರಿಬಾಯಿಗೆ ನಿಂಬೆಹುಳಿ ಬೇರೆ! ಫ್ರೀಜ್ ಮಾಡಿ ಕರಗಿಸಿ ಸೆಂಟ್ರಿಫ್ಯೂಜ್ ತಿರುಗಿಸಿದರೆ ಲೋಳೆ ತಳಕ್ಕೆ ಕೂರುತ್ತದೆ, ಪಿಪೆಟ್ ಕಟ್ಟಿಕೊಳ್ಳುವುದಿಲ್ಲ.

ಔಷಧಿಯ ವಿಚಾರ: ಪ್ರೆಡ್ನಿಸೋಲೋನ್, ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದರೆ ಕಿಟ್ ಅದನ್ನೂ ಕಾರ್ಟಿಸೋಲ್ ಎಂದೇ ಎಣಿಸಿ ಹೆಚ್ಚು ತೋರಿಸುತ್ತದೆ. ಬೀಟಾಮೆಥಾಸೋನ್, ಡೆಕ್ಸಾಮೆಥಾಸೋನ್ ಹಾಗಲ್ಲ. ಅವು ಕಿಟ್ಟಿಗೆ ಕಾಣುವುದೇ ಇಲ್ಲ ಎನ್ನಬಹುದು, ಆದರೆ ದೇಹದ ಸ್ವಂತ ಕಾರ್ಟಿಸೋಲನ್ನು ಅದುಮುತ್ತವೆ.

ಮಲೆನಾಡು ಫಾರ್ಮಸಿ, ಚಿಕ್ಕಮಗಳೂರು

ಎರಡು ವಿಷಯ ವಿಚಾರಿಸಿ ಮೇಡಂ. ಒಂದು, ಬಾಯಿಹುಣ್ಣಿಗೆ ಜ್ಯೇಷ್ಠಮಧು ಅಗಿಯುತ್ತಿದ್ದಾರೆಯೇ. ಈ ಕಡೆ ಕೆಮ್ಮಿಗೂ ಅದೇ, ಹುಣ್ಣಿಗೂ ಅದೇ. ಜೊಲ್ಲುಗ್ರಂಥಿ ಕಾರ್ಟಿಸೋಲನ್ನು ಕಾರ್ಟಿಸೋನ್ ಮಾಡುವ ಕಿಣ್ವವನ್ನು ಅದು ತಡೆಯುತ್ತದೆ, ಜೊಲ್ಲಿನಲ್ಲಿ ಕಾರ್ಟಿಸೋಲ್ ಹೆಚ್ಚು ಕಾಣುತ್ತದೆ. ದಿನವೂ ತಿಂದರೆ ಬಿ.ಪಿ. ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಟೆಸ್ಟಿಗೆ ಎರಡು ವಾರ ಮೊದಲೇ ಬಿಡಿಸಿ. ಎಲೆಅಡಿಕೆ, ಹೊಗೆಸೊಪ್ಪು ಕೂಡ ಕೇಳಿ. ಎಲೆಅಡಿಕೆ ದವಡೆಗಿಟ್ಟುಕೊಳ್ಳುವ ಜಾಗದಲ್ಲೇ ಲೈಕನ್‌ನಂಥದೇ ಗೆರೆಗಳು ಬರುವುದುಂಟು.

ಎರಡು, ಮುಕ್ಕಳಿಸಿದ್ದನ್ನು ಉಗುಳುತ್ತಿದ್ದಾರೆಯೇ ನುಂಗುತ್ತಿದ್ದಾರೆಯೇ. ಚೀಟಿಯಲ್ಲಿ 'ಮಾತ್ರೆ' ಅಂತಿರುತ್ತದೆ, ಮಾತ್ರೆ ಅಂದರೆ ನುಂಗುವುದು ಎಂದೇ ಜನರ ತಿಳುವಳಿಕೆ. ಒಂದು ಮಾತ್ರೆ, ಎರಡು ಟೀ ಚಮಚ ನೀರು, ಪೂರ್ತಿ ಕರಗಿದ ಮೇಲೆ ಬಾಯಲ್ಲಿ ಮೂರರಿಂದ ಐದು ನಿಮಿಷ, ಉಗುಳಿ, ಅರ್ಧ ಗಂಟೆ ಏನೂ ತಿನ್ನುವಂತಿಲ್ಲ. ನಾಲ್ಕೂ ಸಲ ನುಂಗಿದರೆ ದಿನಕ್ಕೆ 2 ಮಿ.ಗ್ರಾಂ, ಅಂದರೆ ಸುಮಾರು 15 ಮಿ.ಗ್ರಾಂ ಪ್ರೆಡ್ನಿಸೋಲೋನ್ ತಿಂದ ಹಾಗೆ.

ಬಾಯಿಗೆ ಹಚ್ಚುವ ಟ್ರಯಾಮ್ಸಿನೋಲೋನ್ ಸ್ಟೀರಾಯ್ಡ್ ಪೇಸ್ಟಿನಲ್ಲಿ ತಪ್ಪಾಗುವುದು ಬೇರೆ ರೀತಿ: ಬಾಮ್ ತಿಕ್ಕಿದ ಹಾಗೆ ತಿಕ್ಕುತ್ತಾರೆ. ತಿಕ್ಕಿದರೆ ಪುಡಿಪುಡಿಯಾಗಿ ಉದುರುತ್ತದೆ. ಗಾಜ್ ಬಟ್ಟೆಯಲ್ಲಿ ಜಾಗ ಒರೆಸಿ, ಚೂರೇ ಚೂರು ಒತ್ತಿ ಬಿಡಬೇಕು.

ಬೇಲೂರು ದಂತವೈದ್ಯೆ

ಫೋನಿನಲ್ಲಿ ವಿಚಾರಿಸಿದೆ. ಸ್ಯಾಂಪಲ್ ಕೊಟ್ಟದ್ದು ಸಂಜೆ ನಾಲ್ಕೂವರೆಗೆ. ಜ್ಯೇಷ್ಠಮಧು ಇಲ್ಲ, ಎಲೆಅಡಿಕೆಯೂ ಇಲ್ಲ. ಆದರೆ ರಾತ್ರಿ ಮಲಗುವಾಗಿನ ಡೋಸನ್ನು ಮಾತ್ರ ನುಂಗುತ್ತಾರಂತೆ, "ಮಲಗಿದ ಮೇಲೆ ಎದ್ದು ಯಾರು ಉಗುಳ್ತಾರೆ" ಅಂತ. ಮೂರು ತಿಂಗಳೂ ಹೀಗೇ.

ಫಿಜಿಶಿಯನ್, ಚಿಕ್ಕಮಗಳೂರು

ಹಾಗಿದ್ದರೆ ಜೊಲ್ಲಿನ ರಿಪೋರ್ಟನ್ನು ಪಕ್ಕಕ್ಕಿಡಿ, ನುಂಗಿದ ಮಾತ್ರೆಯನ್ನು ಗಂಭೀರವಾಗಿ ತೆಗೆದುಕೊಳ್ಳಿ. ನಾಲ್ಕೂವರೆಯ 0.09 ಏನೂ ಹೇಳುವುದಿಲ್ಲ. ಆದರೆ ರಾತ್ರಿಯ ಡೋಸ್ ಬೆಳಗಿನ ಜಾವ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಬರಬೇಕಾದ, ಅಡ್ರಿನಲ್‌ಗೆ ಕೆಲಸ ಹೇಳುವ ಎ.ಸಿ.ಟಿ.ಎಚ್. ಹಾರ್ಮೋನಿಗೇ ಅಡ್ಡ ನಿಲ್ಲುತ್ತದೆ. ಕುಶಿಂಗ್ ಕಾಯಿಲೆ (ಕಾರ್ಟಿಸೋಲ್ ಅತಿಯಾಗುವುದು) ಹುಡುಕಲು ನಾವು ರಾತ್ರಿ ಹನ್ನೊಂದಕ್ಕೆ 1 ಮಿ.ಗ್ರಾಂ ಡೆಕ್ಸಾಮೆಥಾಸೋನ್ ನುಂಗಿಸಿ ಮರುದಿನ ಬೆಳಿಗ್ಗೆ ಕಾರ್ಟಿಸೋಲ್ ನೋಡುತ್ತೇವೆ; ಆರೋಗ್ಯವಂತರಲ್ಲಿ ಅದು 1.8 ಮೈಕ್ರೋಗ್ರಾಂಗಿಂತ ಕೆಳಗಿಳಿಯುತ್ತದೆ. ನಿಮ್ಮ ರೋಗಿ ಅದರ ಅರ್ಧದಷ್ಟನ್ನು ಹೆಚ್ಚುಕಮ್ಮಿ ದಿನಾ ಮಾಡಿಕೊಂಡಂತಾಯಿತು. ಇದರ ಮೇಲೆ ಕಿತ್ತ ಲೋಳೆಪದರದಿಂದ ಹೀರಿಕೊಳ್ಳುವುದು ಬೇರೆ.

ಸುಸ್ತು, ವಾಕರಿಕೆ, ಎದ್ದು ನಿಂತರೆ ತಲೆಸುತ್ತು ಇದೆಯೇ ಕೇಳಿ. ಬಿ.ಪಿ.ಯನ್ನು ಕೂತಾಗ ಒಮ್ಮೆ, ನಿಂತು ಮೂರು ನಿಮಿಷಕ್ಕೆ ಒಮ್ಮೆ ನೋಡಿ. ಲಕ್ಷಣ ಇದ್ದರೆ ಟೆಸ್ಟಿಗೆ ಕಾಯದೆ ಆಸ್ಪತ್ರೆಗೆ ಕಳಿಸಿ, ಸ್ಟೀರಾಯ್ಡನ್ನು ಏಕಾಏಕಿ ನಿಲ್ಲಿಸಬೇಡಿ. ಲಕ್ಷಣ ಇಲ್ಲದಿದ್ದರೆ ನುಂಗುವುದನ್ನು ಬಿಡಿಸಿ, ಎರಡು ದಿನ ಮುಕ್ಕಳಿಸುವುದನ್ನೂ ತಡೆದು, ಬೆಳಿಗ್ಗೆ 8ಕ್ಕೆ ರಕ್ತದ ಕಾರ್ಟಿಸೋಲ್ ಮಾಡಿಸಿ. ಬೀಟಾಮೆಥಾಸೋನ್ ಪ್ರಭಾವ ಒಂದು ದಿನಕ್ಕೆ ಕರಗುವುದಿಲ್ಲ. ಯುರೋಪ್ ಮತ್ತು ಅಮೆರಿಕದ ಹಾರ್ಮೋನ್ ತಜ್ಞರ ಸಂಘಗಳು ಸೇರಿ 2024ರಲ್ಲಿ ಕೊಟ್ಟ ಸೂತ್ರದಂತೆ 10 ಮೈಕ್ರೋಗ್ರಾಂ ದಾಟಿದರೆ ಗ್ರಂಥಿ ಚೇತರಿಸಿಕೊಂಡಿದೆ. 5ರಿಂದ 10ರ ನಡುವೆ ಇದ್ದರೆ ಕೆಲವು ವಾರ ಬಿಟ್ಟು ಮತ್ತೆ ನೋಡಬೇಕು. 5ಕ್ಕಿಂತ ಕೆಳಗಿದ್ದರೆ ನಮ್ಮ ಹತ್ತಿರ ಕಳಿಸಿ. ಗರ್ಭನಿರೋಧಕ ಮಾತ್ರೆ ಅಥವಾ ಈಸ್ಟ್ರೋಜನ್ ನಡೆದಿದ್ದರೆ ಮೊದಲೇ ತಿಳಿಸಿ. ಅದರಿಂದ ರಕ್ತದ ಒಟ್ಟು ಕಾರ್ಟಿಸೋಲ್ ಸುಮ್ಮನೆ ಹೆಚ್ಚು ಕಾಣುತ್ತದೆ.

ಇನ್ನು ನಿಮ್ಮ ಮೂರನೇ ಪ್ರಶ್ನೆ. ನೋಡಿಸಬೇಕಾದ ಹಾರ್ಮೋನ್, ಥೈರಾಯ್ಡ್ ಗ್ರಂಥಿಯನ್ನು ಪ್ರಚೋದಿಸುವ ಟಿ.ಎಸ್.ಎಚ್. ಲೈಕನ್ ಪ್ಲೇನಸ್ ಇರುವವರಲ್ಲಿ ಹೈಪೋಥೈರಾಯ್ಡ್ (ಥೈರಾಯ್ಡ್ ಕುಂದುವುದು) ಹೆಚ್ಚು ಕಾಣಿಸಿಕೊಳ್ಳುತ್ತದೆ, ಅದರಲ್ಲೂ ಈ ವಯಸ್ಸಿನ ಹೆಂಗಸರಲ್ಲಿ. ಜೊತೆಗೆ ಸಕ್ಕರೆ, ಹಿಮೋಗ್ಲೋಬಿನ್, ಫೆರಿಟಿನ್ (ಕಬ್ಬಿಣದ ದಾಸ್ತಾನು), ಬಿ12. ಮುಟ್ಟು ನಿಲ್ಲುವ ವಯಸ್ಸೆಂದು ಎಫ್.ಎಸ್.ಎಚ್., ಈಸ್ಟ್ರೋಜನ್ ಎಲ್ಲ ಬರೆಸುವುದು ದುಡ್ಡು ದಂಡ.

ಓರಲ್ ಮೆಡಿಸಿನ್, ಹಾಸನ

ಟಿ.ಎಸ್.ಎಚ್. ಒಮ್ಮೆ ನೋಡುವುದಕ್ಕೆ ನನ್ನ ಅಡ್ಡಿಯಿಲ್ಲ ಡಾಕ್ಟ್ರೇ. ಆದರೆ ಥೈರಾಯ್ಡ್ ಮಾತ್ರೆ ಶುರುವಾದರೆ ಬಾಯಿ ವಾಸಿಯಾಗುತ್ತದೆ ಎಂಬ ಆಸೆ ಹುಟ್ಟಿಸಬೇಡಿ. ಆಸೆ ಹುಟ್ಟಿದವರು ಮುಕ್ಕಳಿಸುವುದನ್ನೂ ಬಿಡುತ್ತಾರೆ, ತಪಾಸಣೆಗೂ ಬರುವುದಿಲ್ಲ. ನೂರರಲ್ಲಿ ಸುಮಾರು ಒಬ್ಬರಿಗೆ ಇದು ಕ್ಯಾನ್ಸರಿಗೆ ತಿರುಗಬಹುದು. ಕೆಂಪು ಜಾಗ ಇರುವವರನ್ನು ವರ್ಷಕ್ಕೆ ಎರಡು ಸಲವಾದರೂ ಕೂರಿಸಿ ನೋಡಲೇಬೇಕು.

ಫಿಜಿಶಿಯನ್, ಚಿಕ್ಕಮಗಳೂರು

ಒಪ್ಪಿದೆ. ಥೈರಾಯ್ಡನ್ನು ಥೈರಾಯ್ಡಿಗಾಗಿಯೇ ನೋಡಿಸುವುದು. ಒಂದು ಎಚ್ಚರ: ಕೂದಲು ಉದುರುವುದಕ್ಕೆಂದು 5 ಅಥವಾ 10 ಮಿ.ಗ್ರಾಂ ಬಯೋಟಿನ್ (ಒಂದು ಬಿ ವಿಟಮಿನ್) ತಿನ್ನುತ್ತಿದ್ದರೆ ಟಿ.ಎಸ್.ಎಚ್. ಸುಳ್ಳಾಗಿ ಇಳಿದಂತೆ, ಟಿ4 (ಥೈರಾಯ್ಡ್ ಹಾರ್ಮೋನ್) ಮತ್ತು ಕಾರ್ಟಿಸೋಲ್ ಸುಳ್ಳಾಗಿ ಏರಿದಂತೆ ಬರಬಹುದು. ಮೂರು ದಿನ ಮೊದಲು ನಿಲ್ಲಿಸಲಿ. ಥೈರಾಯ್ಡ್ ಮಾತ್ರೆ ಶುರುವಾದರೆ ಖಾಲಿ ಹೊಟ್ಟೆಗೆ, ಬರೀ ನೀರಿನ ಜೊತೆ. ಕಾಫಿ ಒಂದು ಗಂಟೆ ಆದಮೇಲೆ. ಕಾಫಿ ಜೊತೆಗೆ ನುಂಗಿದರೆ ಮಾತ್ರೆ ಸರಿಯಾಗಿ ಹೀರಿಕೊಳ್ಳುವುದಿಲ್ಲ. ನಮ್ಮ ಊರಲ್ಲಿ ಈ ಮಾತನ್ನು ಒಪ್ಪಿಸುವುದೇ ಅರ್ಧ ಚಿಕಿತ್ಸೆ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗೆ ನಾಲ್ಕು ಗಂಟೆ ಅಂತರ, ಆರರಿಂದ ಎಂಟು ವಾರಕ್ಕೆ ಮತ್ತೆ ಟಿ.ಎಸ್.ಎಚ್.

ಬೇಲೂರು ದಂತವೈದ್ಯೆ

ತಲೆಸುತ್ತು ಇಲ್ಲ, ಬಿ.ಪಿ. ನಿಂತಾಗಲೂ ಇಳಿದಿಲ್ಲ. ಎಂಟು ಗಂಟೆಯ ರಕ್ತಕ್ಕೆ ಹಾಸನಕ್ಕೇ ಹೋಗಬೇಕೆ? ಅವರ ಹಳ್ಳಿಯಿಂದ ಮೊದಲ ಬಸ್ಸು ಹಿಡಿದರೂ ಒಂಬತ್ತೂವರೆ ಆಗುತ್ತದೆ.

ಲ್ಯಾಬ್ ಬೆಂಚು

ಬೇಡ. ಬೇಲೂರಿನಲ್ಲೇ ಎಂಟಕ್ಕೆ ಸೂಜಿ ಹಾಕಿಸಿ. ಅರ್ಧ ಗಂಟೆ ಹೆಪ್ಪುಗಟ್ಟಲು ಬಿಟ್ಟು, ಸೆಂಟ್ರಿಫ್ಯೂಜ್ ಮಾಡಿ ಸೀರಂ (ಮೇಲೆ ನಿಲ್ಲುವ ತಿಳಿ ದ್ರವ) ಬೇರೆ ಟ್ಯೂಬಿಗೆ ತೆಗೆದು, ಐಸ್ ಪ್ಯಾಕಿನಲ್ಲಿ ಕಳಿಸಿದರೆ ಸಾಕು. ಬೇರ್ಪಡಿಸಿದ ಸೀರಮ್ಮಿನಲ್ಲಿ ಕಾರ್ಟಿಸೋಲ್ ಒಂದೆರಡು ದಿನಕ್ಕೆ ಕೆಡುವುದಿಲ್ಲ. ಟಿ.ಎಸ್.ಎಚ್. ಕೂಡ ಅದೇ ಟ್ಯೂಬಿನಲ್ಲಾಗುತ್ತದೆ, ಎರಡು ಸಲ ಚುಚ್ಚಬೇಡಿ. ಲೇಬಲ್ ಮೇಲೆ ಹೆಸರಿನ ಕೆಳಗೆ ರಕ್ತ ತೆಗೆದ ಹೊತ್ತು ಮತ್ತು ಕೊನೆಯ ಸಲ ಮುಕ್ಕಳಿಸಿದ ದಿನ ಬರೆಸಿ.