ತುರ್ತು: ‘ದಾರುಹಳದ’, ‘ಫ್ಯಾಟಿ ಲಿವರ್’ಗೆ ಕನ್ನಡ

ಪುಣೆಯಿಂದ:
ಭಾನುವಾರ ಇಲ್ಲಿ ಕನ್ನಡಿಗರ ಆರೋಗ್ಯ ಶಿಬಿರ. ಮರಾಠಿ ಕರಪತ್ರವನ್ನು ಕನ್ನಡಕ್ಕೆ ತರುವುದು ನನ್ನ ಪಾಲಿಗೆ ಬಂದಿದೆ, ಸಂಜೆಯೇ ಅಚ್ಚಿಗೆ ಕೊಡಬೇಕು. ‘ಫ್ಯಾಟಿ ಲಿವರ್’ಗೆ ‘ಕೊಬ್ಬಿದ ಯಕೃತ್ತು’ ಆದೀತೇ? ಇನ್ನೊಂದು ಸಾಲು: ‘ದಾರುಹಳದದ ಬರ್ಬೆರಿನ್, ಜಿಡ್ಡಿನೂಟದಿಂದ ಬರುವ ಫ್ಯಾಟಿ ಲಿವರನ್ನು ತಡೆಯಬಹುದು.’ ದಾರುಹಳದ ಒಂದು ಮದ್ದಿನ ಗಿಡ, ಬರ್ಬೆರಿನ್ ಅದರೊಳಗಿನ ಹಳದಿ ಅಂಶ; ಮರಾಠಿಯಲ್ಲಿ ‘ಹಳದ’ ಎಂದರೆ ಅರಿಶಿನ. ಓದುವವರು ಕಲಬುರಗಿ, ವಿಜಯಪುರದಿಂದ ಕಟ್ಟಡದ ಕೆಲಸಕ್ಕೆ ಬಂದವರು. ‘ದಾರು’ ಕಂಡರೆ ಶೆರೆಯಲ್ಲಿ ಅರಿಶಿನ ಕಲಸಿ ಕುಡಿಯಬೇಕು ಅಂದುಕೊಂಡಾರು ಎಂಬ ಭಯ.

ಡೊಂಬಿವಲಿಯಿಂದ:
ಕೊಬ್ಬಿದ ಬೇಡ, ಕೊಬ್ಬಿದವನೆಂದರೆ ಸೊಕ್ಕಿದವನು. ಯಕೃತ್ತೂ ಬೇಡ. ಅಚ್ಚಗನ್ನಡದ ‘ಈಲಿ’ ಇದೆ, ತಮಿಳಿನ ಈರಲ್‌ಗೆ ನಂಟು. ‘ಈಲಿಗೊಬ್ಬು’ ಅನ್ನಿ. ಮುಗಿಯಿತು.

ಮಡಗಾಂವ್‌ನಿಂದ:
ಮುಗಿಯಲಿಲ್ಲ ಸರ್. ಮಟನ್ ಅಂಗಡಿಯಲ್ಲೂ ಡಾಕ್ಟರ ಬಾಯಲ್ಲೂ ಲಿವರೇ. ಈಲಿ ಎಂದರೆ ಇಲಿ ಎಂದು ಓದುತ್ತಾರೆ. ಯಕೃತ್ತಿನ ದಾಯಾದಿ ಲ್ಯಾಟಿನ್ನಿನ ‘ಯೆಕುರ್’. ರೋಮನ್ನರು ಹೆಬ್ಬಾತಿಗೆ ಅಂಜೂರ ತಿನ್ನಿಸಿ ಕೊಬ್ಬಿಸಿದ ಲಿವರನ್ನು ‘ಯೆಕುರ್ ಫಿಕಾತುಮ್’ ಎಂದರು, ಅಂದರೆ ಅಂಜೂರದ ಯಕೃತ್ತು. ಬರಬರುತ್ತ ಯೆಕುರ್ ಉದುರಿ ಫಿಕಾತುಮ್ ಉಳಿಯಿತು. ಇಟಲಿಯವರ ಫೆಗಾತೊ, ಫ್ರೆಂಚರ ಫುವಾ ಅದರ ಮಕ್ಕಳು. ತಿಂದು ಕೊಬ್ಬಿದ ಲಿವರಿನ ಹೆಸರೇ ಅಂಗದ ಹೆಸರಾಯಿತು! ಅವರೇ ತಮ್ಮ ಹಳೆಯ ಪದ ಬಿಟ್ಟಿರುವಾಗ ನಾವು ಲಿವರ್ ಅಂದರೆ ಏನು ತಪ್ಪು?

ಡೊಂಬಿವಲಿಯಿಂದ:
ಬಿಟ್ಟದ್ದು ಅವರ ಕರ್ಮ. ಕರುಳು, ಗುಂಡಿಗೆ ನಮ್ಮವು. ಇದೊಂದನ್ನು ಯಾಕೆ ಸಾಲ ತರಬೇಕು? ಹೀಗೆ ಒಂದೊಂದೇ ಬಿಟ್ಟುಕೊಟ್ಟು ಮನೆ ಬರಿದಾಗಿದೆ.

ಗೋರೆಗಾಂವ್‌ನಿಂದ:
ಜಗಳ ಆಮೇಲೆ. ಸಂಸ್ಕೃತದ ದಾರು ಮರ, ಪಾರಸಿಯ ದಾರೂ ಔಷಧ. ಎರಡನೆಯದು ಮರಾಠಿಯಲ್ಲಿ ಹೆಂಡವೂ ಆಯಿತು, ಸಿಡಿಮದ್ದೂ ಆಯಿತು. ಇಲ್ಲಿರುವುದು ಮೊದಲನೆಯದು, ಹಾಗಾಗಿ ‘ಮರದರಿಶಿನ’ ಬರೆಯಿರಿ. ಆದರೆ ನಮ್ಮ ಘಟ್ಟದ ಮರದರಿಶಿನ ಬಳ್ಳಿ, ಹಿಮಾಲಯದ ದಾರುಹಳದ ಮುಳ್ಳುಪೊದೆ. ಎರಡರ ಹಳದಿಯೂ ಬರ್ಬೆರಿನ್‌ನದೇ, ಅಡುಗೆ ಅರಿಶಿನದ ಹಳದಿ ಕರ್ಕ್ಯುಮಿನ್‌ನದು. ಇದನ್ನು ಒಂದು ಸಾಲಿನಲ್ಲಾದರೂ ಹೇಳಿ, ಇಲ್ಲವಾದರೆ ಜನ ಡಬ್ಬಿಯ ಅರಿಶಿನ ತಿನ್ನುತ್ತಾರೆ.

ನನಗೆ ಚುಚ್ಚುವುದು ‘ತಡೆಯಬಹುದು’. ಕನ್ನಡದ ‘ಬಹುದು’ ಸಂಶಯವೂ ಹೌದು, ಸಾಮರ್ಥ್ಯವೂ ಹೌದು, ಅಪ್ಪಣೆಯೂ ಹೌದು. ಕಾಯಿಲೆಯವನು ಅದನ್ನು ಭರವಸೆ ಎಂದೇ ಓದುತ್ತಾನೆ. ‘ಜಿಡ್ಡು ತಿನ್ನಿಸಿದ ಇಲಿಗಳಲ್ಲಿ ಬರ್ಬೆರಿನ್‌ನಿಂದ ಲಿವರಿನ ಕೊಬ್ಬು ಇಳಿದದ್ದು ಕಂಡಿದೆ’ ಎಂದು ಬರೆದು, ಕೆಳಗೆ ‘ಡಾಕ್ಟರನ್ನು ಕೇಳದೆ ತಿನ್ನಬೇಡಿ’ ಸೇರಿಸಿ. ಅಂದಹಾಗೆ, ‘ಫ್ಯಾಟಿ’ ಹೀಯಾಳಿಸಿದಂತಾಗುತ್ತದೆಂದು 2023ರಲ್ಲಿ ವೈದ್ಯರ ಸಂಘಗಳೇ ಅದನ್ನು ರೋಗದ ಹೆಸರಿನಿಂದ ತೆಗೆದವು. ಕೊಬ್ಬಿದ ಬೇಡವೆಂದ ಡೊಂಬಿವಲಿಯವರ ಮಾತು ಸರಿ.

ಪುಣೆಯಿಂದ:
ತಲೆಬರಹ ‘ಲಿವರಿನಲ್ಲಿ ಕೊಬ್ಬು’. ‘ಬಹುದು’ ತೆಗೆದೆ. ಕಡತ ಪ್ರೆಸ್ಸಿಗೆ ಹೋಯಿತು.

ಡೊಂಬಿವಲಿಯಿಂದ:
ಈಲಿ ಎಲ್ಲಿ?